ಗೋಡೆಯ ಬೂಷ್ಟು ಓನರ್‌ದೋ, ನಮ್ಮದೋ? ಬಾಡಿಗೆ ಮನೆಯಲ್ಲಿ ನನ್ನ ಅನುಭವ

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಅದು ನಮಗೆ ಎರಡನೇ ಮಳೆಗಾಲ. ಮದುವೆಗೆ ಹೊರಟವಳು ಬೀರುವಿನಿಂದ ರೇಷ್ಮೆ ಸೀರೆ ತೆಗೆದರೆ ಅಂಚಿನುದ್ದಕ್ಕೂ ಬಿಳಿ ಬೂಷ್ಟು. ಬೀರು ಸರಿಸಿದೆ. ಹಿಂದಿನ ಗೋಡೆ ತುಂಬ ಕಪ್ಪು ಚುಕ್ಕೆ. ಸೀಲಿಂಗ್ ಮೂಲೆಯಲ್ಲಿ ಇನ್ನೊಂದು ಕಲೆ, ಹಳದಿ ಅಂಚಿನದು. ಮಗಳು ಒಂದು ತಿಂಗಳಿಂದ ರಾತ್ರಿಯೆಲ್ಲ ಕೆಮ್ಮುತ್ತಿದ್ದದ್ದು ಅದೇ ಕೋಣೆಯಲ್ಲಿ.

ಮೇಲಿನ ಮನೆಯಲ್ಲೇ ಇರುವ ಓನರ್‌ನ ಕರೆದು ತೋರಿಸಿದೆ. "ನೋಡಮ್ಮ, ನೀವು ಕಿಟಕಿನೇ ತೆಗೆಯಲ್ಲ, ಒಳಗೇ ಬಟ್ಟೆ ಒಣಗಿಸ್ತೀರ. ಬೂಷ್ಟು ಬರದೆ ಇನ್ನೇನು?" ಎಂದರು. "ಇಲ್ಲ ಅಂಕಲ್, ನಿಮ್ಮ ಬಾತ್‌ರೂಮ್ ನೀರು ಇಳೀತಿದೆ" ಎಂದೆ. ನಿಜ ಏನು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಖರ್ಚು ಯಾರದು ಅಂತ ಹೇಗೆ ಹೇಳುವುದು, ಅಲ್ವಾ?

ಸೀಲಿಂಗ್ ಕಲೆಯ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆದೆ. ಬೀರು ಹಿಂದಿನ ಗೋಡೆಯನ್ನು ಒರೆಸಿ ಒಣಗಿಸಿ, ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿದೆ. ಹಾಳೆಯ ಹಿಂದೆ, ಗೋಡೆ ಕಡೆ ಹನಿ ಕೂತರೆ ತೇವ ಗೋಡೆಯೊಳಗಿನದು. ಮುಂದೆ ಕೂತರೆ ಕೋಣೆಯ ಗಾಳಿಯದು. ಎರಡು ದಿನ ಬಿಟ್ಟು ಬೆರಳಾಡಿಸಿದರೆ ಮುಂಬದಿ ಒದ್ದೆ, ಹಿಂಬದಿ ಒಣಗಿತ್ತು. ಅಂದರೆ ಆ ಬೂಷ್ಟು ನಮ್ಮದೇ. ತಣ್ಣನೆಯ ಹೊರಗೋಡೆಗೆ ಬೀರು ಒತ್ತಿಟ್ಟಿದ್ದೆವು, ಫ್ಯಾನ್ ಕೆಳಗೆ ಒದ್ದೆ ಬಟ್ಟೆ ಹರವುತ್ತಿದ್ದೆವು.

ಆದರೆ ಸೀಲಿಂಗ್ ಕಲೆ ನಾಲ್ಕೇ ದಿನಕ್ಕೆ ಗೆರೆ ದಾಟಿ ಒಂದು ಬೆರಳಗಲ ಹರಡಿತ್ತು. ಆ ವಾರ ಮಳೆಯೇ ಇರಲಿಲ್ಲ. ಫೋಟೋ ತೋರಿಸಿದ ಮೇಲೆ ಓನರ್ ಮೂರು ದಿನ ಆ ಬಾತ್‌ರೂಮ್ ಬಳಸಲಿಲ್ಲ, ಕಲೆ ಅಲ್ಲಿಗೇ ನಿಂತಿತು. ಪ್ಲಂಬರ್ ಬಂದು ಟೈಲ್ಸ್ ತೆಗೆದ. ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್‌ನ ಜಾಯಿಂಟ್ ಬಿರುಕು ಬಿಟ್ಟಿತ್ತು.

ಕಾನೂನನ್ನೂ ಓದಿಕೊಂಡೆ. ಬೆಂಗಳೂರಿನಲ್ಲಿ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯವಾಗುವುದಿಲ್ಲ. ಉಳಿಯುವುದು ಅಗ್ರಿಮೆಂಟು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸಕಾಲಕ್ಕೆ ಮಾಡಿಸದಿದ್ದರೆ, ನಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಯಾವ ರಿಪೇರಿ ಯಾರದು ಎನ್ನುವುದು ಅಗ್ರಿಮೆಂಟಿನಲ್ಲಿ ಇರಬೇಕು, ನಮ್ಮದರಲ್ಲಿ ಒಂದು ಸಾಲೂ ಇರಲಿಲ್ಲ. ಸಹಜ ಸವೆತ ಬಿಟ್ಟು, ಮನೆಯನ್ನು ಸಿಕ್ಕ ಹಾಗೇ ಇಟ್ಟುಕೊಳ್ಳುವ ಹೊಣೆಯನ್ನು ಅದೇ ಕಲಂ ಬಾಡಿಗೆದಾರರ ಮೇಲೂ ಹಾಕುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ರಾಜ್ಯಗಳಿಗೆ ಬರೀ ಮಾದರಿ. ಆದರೂ ಕಟ್ಟಡದ ರಿಪೇರಿ, ಪೈಪ್ ಬದಲಾವಣೆ, ಸುಣ್ಣಬಣ್ಣ ಓನರ್ ಕೆಲಸ ಅಂತ ಅದು ಹೇಳುತ್ತದೆ. ಮಾತಾಡುವಾಗ ನನಗೆ ಅದು ಉಪಯೋಗಕ್ಕೆ ಬಂತು.

ಟ್ರ್ಯಾಪ್ ಮತ್ತು ವಾಟರ್‌ಪ್ರೂಫಿಂಗ್ ಖರ್ಚು ಅವರು ಕೊಟ್ಟರು. ಗೋಡೆ ತೊಳೆದದ್ದು ನಾನು, ಮಾಸ್ಕ್ ಹಾಕಿಕೊಂಡು ಸೋಪಿನ ನೀರಲ್ಲಿ. ಒಣ ಬ್ರಷ್‌ನಲ್ಲಿ ಉಜ್ಜಬೇಡಿ, ಬೂಷ್ಟಿನ ಪುಡಿ ಮನೆಯೆಲ್ಲ ಹಾರುತ್ತದೆ. ಪೇಂಟರ್ ಮರುದಿನವೇ ಬಣ್ಣ ಹೊಡೆಯುತ್ತೇನೆ ಎಂದ, ನಾನು ಬಿಡಲಿಲ್ಲ. ಒಳಗೆ ಹಸಿ ಇದ್ದರೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಏಳುತ್ತದೆ.

ಬೀರು ಈಗ ಗೋಡೆಯಿಂದ ಒಂದು ಗೇಣು ದೂರ ಇದೆ. ಹೊಸ ಅಗ್ರಿಮೆಂಟಿನಲ್ಲಿ "ನೀರು ಸೋರಿಕೆಯ ರಿಪೇರಿ ಮಾಲೀಕರದು" ಎಂಬ ಸಾಲು ಸೇರಿದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವ ಸಾಲನ್ನು ಮಾತ್ರ ಅವರು ಬಿಟ್ಟುಕೊಟ್ಟಿಲ್ಲ. ಮುಂದಿನ ರಿನ್ಯೂವಲ್‌ಗೆ ಮತ್ತೆ ಕೇಳುತ್ತೇನೆ.