ಮನೆಯಲ್ಲೇ ಶಾಲೆ: ಆನ್‌ಲೈನ್ ಕೋರ್ಸ್ ಆರಿಸುವುದು ಹೇಗೆ?

ಮಗುವಿನ ಅನಾರೋಗ್ಯ, ಅಪ್ಪ-ಅವ್ವನ ವರ್ಗಾವಣೆ, ಕ್ರೀಡಾ ತರಬೇತಿ ಹೀಗೆ ಕಾರಣ ಏನೇ ಇರಲಿ, ಕಲಬುರಗಿಯಲ್ಲಿ ಕುಳಿತು ಮಕ್ಕಳಿಗೆ ಮನೆಯಲ್ಲೇ ಕಲಿಸಲು ಹೊರಟವರು ಮೊದಲು ಮೊಬೈಲ್ ತೆಗೆದು ಕೋರ್ಸ್ ಹುಡುಕುತ್ತಾರೆ. ಆ ಕೆಲಸ ಆಮೇಲೆ ಇರಲಿ. ಹತ್ತನೆಯ ತರಗತಿ ಪರೀಕ್ಷೆಯನ್ನು ಯಾವ ಮಂಡಳಿಯಿಂದ ಬರೆಸುತ್ತೀರಿ? ಮೊದಲು ತೀರ್ಮಾನವಾಗಬೇಕಾದ್ದು ಅದು. ಆನ್‌ಲೈನ್ ಕಂಪನಿ ಕೊಡುವ ಸರ್ಟಿಫಿಕೇಟ್ ಹಿಡಿದು ಹೋದರೆ ಪಿಯು ಪ್ರವೇಶ ಸಿಗುವುದಿಲ್ಲ.

ಪರೀಕ್ಷೆಯ ದಾರಿ

ಹೆಚ್ಚಿನವರು ಹಿಡಿಯುವ ದಾರಿ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ಶುರುವಾದ ಇದು ಕೇಂದ್ರ ಸರ್ಕಾರದ ಸಂಸ್ಥೆ. ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾದರೆ ಸಾಕು. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್, ಹೀಗೆ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ನೋಂದಣಿ 5 ವರ್ಷ ನಡೆಯುವುದರಿಂದ ಒಂದೊಂದೇ ವಿಷಯ ಮುಗಿಸುತ್ತ ಹೋಗಬಹುದು. ದೊಡ್ಡ ಅನುಕೂಲ ಇದೇ. ಚಿಕ್ಕವರಿಗೆ ಮೂರು, ಐದು, ಎಂಟನೆಯ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ.

ಇಲ್ಲಿ ಒಂದು ಲೆಕ್ಕ ಬಹಳ ಜನರಿಗೆ ತಡವಾಗಿ ಗೊತ್ತಾಗುತ್ತದೆ. ಸಿಇಟಿ ಮೂಲಕ ಸೀಟು ಕೇಳುವ ಮುಖ್ಯ ಅರ್ಹತೆ, 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯ ಶಾಲೆ-ಕಾಲೇಜುಗಳಲ್ಲಿ ಓದಿರುವುದು. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮ ಮೀಸಲಾತಿಗೂ 1ರಿಂದ 10ರವರೆಗಿನ ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ಹಳ್ಳಿಯ ಶಾಲೆಯಿಂದ ಮಗುವನ್ನು ಬಿಡಿಸುವ ಮುಂಚೆ ಈ ವರ್ಷಗಳನ್ನು ಎಣಿಸಿ ನೋಡಿ. ಹೋಮ್‌ಸ್ಕೂಲಿಂಗ್‌ಗೆ ಸರ್ಕಾರದಲ್ಲಿ ಪ್ರತ್ಯೇಕ ನೋಂದಣಿ ಇಲ್ಲ. ಆದ್ದರಿಂದ ಟಿಸಿ, ಹಳೆಯ ಅಂಕಪಟ್ಟಿ ಜೋಪಾನವಾಗಿರಲಿ.

ತರಗತಿಗಲ್ಲ, ವಿಷಯಕ್ಕೊಂದು ಕೋರ್ಸ್

ಎಂಟು ವರ್ಷದೊಳಗಿನ ಮಗುವಿಗೆ ಆನ್‌ಲೈನ್ ಕೋರ್ಸ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ನೀವು ಗಟ್ಟಿಯಾಗಿ ಓದಿ, ಮಗು ಕೇಳಲಿ. ತೊಗರಿಬೇಳೆ ತೂಗಿಸಿ, ಅಳತೆ ಬರೆಸಿ.

ಒಂಬತ್ತರಿಂದ ಹದಿಮೂರರ ನಡುವೆ ಕೋರ್ಸ್‌ಗಳು ನಿಜಕ್ಕೂ ನೆರವಾಗುತ್ತವೆ. ಹತ್ತು ವರ್ಷದ ಹುಡುಗಿ ಕನ್ನಡ ಓದುವುದರಲ್ಲಿ ಏಳನೆಯ ತರಗತಿ ಮಟ್ಟದಲ್ಲಿರಬಹುದು, ಭಾಗಾಕಾರದಲ್ಲಿ ಇನ್ನೂ ಮೂರನೆಯದರಲ್ಲೇ ಇರಬಹುದು. ಮನೆಯಲ್ಲಿ ಕಲಿಸುವುದರಿಂದ ಆಗುವ ಲಾಭವೇ ಇದು: ಎರಡನ್ನೂ ಅವಳಿರುವ ಜಾಗದಿಂದ ಮುಂದುವರಿಸಬಹುದು. ‘ಐದನೆಯ ತರಗತಿ, ಎಲ್ಲ ವಿಷಯ, ಒಂದೇ ಕಂತು’ ಎಂಬ ಪ್ಯಾಕೇಜ್ ಕೊಂಡರೆ ಆ ಲಾಭ ಕೈಬಿಟ್ಟಂತೆ.

ಗಣಿತಕ್ಕೆ ಖಾನ್ ಅಕಾಡೆಮಿಯ ಕನ್ನಡ ಪಾಠಗಳಿವೆ, ದುಡ್ಡಿಲ್ಲ. ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸಿಗುತ್ತದೆ. ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಅದೇ ಪಾಠದ ವಿಡಿಯೊ ನೋಡಬಹುದು. ವಿಜ್ಞಾನವನ್ನು ಮಾತ್ರ ಪರದೆಗೆ ಬಿಟ್ಟುಬಿಡಬೇಡಿ. ನಗರದಲ್ಲೇ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಒಂದು ಪಾಠ ಮುಗಿದ ವಾರ ಅಲ್ಲಿಗೆ ಕರೆದೊಯ್ಯಿರಿ. ಇತಿಹಾಸದ ವಿಷಯದಲ್ಲಂತೂ ನಮ್ಮ ಜಿಲ್ಲೆಯ ಮಕ್ಕಳು ಪುಣ್ಯವಂತರು. ರಾಷ್ಟ್ರಕೂಟರ ಪಾಠ ಬಂದಾಗ ಅವರ ರಾಜಧಾನಿ ಮಳಖೇಡ ಕಾಗಿಣಾ ದಂಡೆಯಲ್ಲೇ ಇದೆ. ಮೌರ್ಯರ ಪಾಠಕ್ಕೆ ಸನ್ನತಿಯಿದೆ, ಪಕ್ಕದ ಕನಗನಹಳ್ಳಿಯಲ್ಲಿ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಶಿಲ್ಪವಿದೆ. ವಿಡಿಯೊ ನೋಡಿ ಹೋದ ಮಗು ಅಲ್ಲಿ ನೂರು ಪ್ರಶ್ನೆ ಕೇಳುತ್ತದೆ.

ಹದಿನಾಲ್ಕು ದಾಟಿದವರಿಗೆ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ 9ರಿಂದ 12ನೇ ತರಗತಿವರೆಗಿನ ಎನ್‌ಐಒಎಸ್ ಕೋರ್ಸ್‌ಗಳಿವೆ. ವಿಜ್ಞಾನದ ಪ್ರಾಯೋಗಿಕ ತರಗತಿಗೆ ಎನ್‌ಐಒಎಸ್ ಅಧ್ಯಯನ ಕೇಂದ್ರಕ್ಕೇ ಹೋಗಬೇಕು.

ದುಡ್ಡು ಕೊಡುವ ಮುಂಚೆ

ಇಂಗ್ಲಿಷ್ ಮಾತಾಡುವುದು, ಸಂಗೀತ, ಕೋಡಿಂಗ್‌ನಂಥವಕ್ಕೆ ತಪ್ಪು ತಿದ್ದುವ ಶಿಕ್ಷಕರು ಎದುರಿಗಿರಬೇಕು. ದುಡ್ಡು ಖರ್ಚು ಮಾಡುವುದಾದರೆ ಇಲ್ಲೇ ಮಾಡಿ. ಪಾಠ ಲೈವೋ, ರೆಕಾರ್ಡ್ ಮಾಡಿದ್ದೋ? ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು? ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್? ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲಿ ಕೇಳಿ. ಡೆಮೊ ಕ್ಲಾಸಿನಲ್ಲಿ ಮಗು ಎಷ್ಟು ಸಲ ಬಾಯಿ ತೆರೆಯಿತು ಎಂದು ಗಮನಿಸಿ. ‘ಇವತ್ತೇ ಸೇರಿದರೆ ರಿಯಾಯಿತಿ’ ಎಂದು ಅವಸರಪಡಿಸುವವರಿಗೆ ಬೇಡ ಎನ್ನಿ. ‘ಕಂತು’ ಎಂದು ಹೇಳಿ ನಿಮ್ಮ ಹೆಸರಲ್ಲಿ ಸಾಲದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದೂ ಉಂಟು. ಪೂರ್ತಿ ಓದದೆ ಒಪ್ಪಬೇಡಿ.

ವೇಳಾಪಟ್ಟಿ

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ಜಳದಲ್ಲಿ ಗಣಿತ ತಲೆಗೆ ಹತ್ತುವುದಿಲ್ಲ. ಕಷ್ಟದ ವಿಷಯಗಳು ಮುಂಜಾನೆ ಒಂಬತ್ತರೊಳಗೆ ಮುಗಿಯಲಿ. ಕರೆಂಟ್, ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಹಿಂದಿನ ರಾತ್ರಿಯೇ ಪಾಠ ಡೌನ್‌ಲೋಡ್ ಮಾಡಿಡಿ. ಇಂಟರ್ನೆಟ್ ಸರಿಯಿಲ್ಲದ ಊರಲ್ಲಿ ಡಿಡಿ ಫ್ರೀ ಡಿಶ್ ಇದ್ದರೆ, ತಿಂಗಳ ಶುಲ್ಕವಿಲ್ಲದೆ ಶಾಲಾ ಪಾಠ ಪ್ರಸಾರ ಮಾಡುವ ಪಿಎಂ ಇ-ವಿದ್ಯಾ ಚಾನೆಲ್‌ಗಳು ಬರುತ್ತವೆ.

ಪ್ರತಿ ಪಾಠವಾದ ಮೇಲೆ ಮೊಬೈಲ್ ಆಫ್ ಮಾಡಿ, ಕಲಿತದ್ದನ್ನು ಮಗು ಮನೆಯ ಯಾರಿಗಾದರೂ ಹೇಳಲಿ. ಅಜ್ಜಿಗೆ ಹೇಳಿದರೂ ಆದೀತು. ಬೆಳಗಿನ ಪಾಠವನ್ನು ಸಂಜೆಯೂ ಹೇಳಲಾಗದಿದ್ದರೆ ವೇಗ ತಗ್ಗಿಸಿ. ಮೂರು ತಿಂಗಳಿಗೊಮ್ಮೆ ನೋಟ್‌ಬುಕ್ ತೆಗೆದು ನೋಡಿ, ಉಪಯೋಗಕ್ಕೆ ಬಾರದ ಕೋರ್ಸನ್ನು ನಿಲ್ಲಿಸಿ. ಜೊತೆಗೆ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಯುಪಿಐ ಆಟೊಪೇ ರದ್ದಾಗಿದೆಯೇ ಎಂದು ಅವತ್ತೇ ಖಚಿತಪಡಿಸಿಕೊಳ್ಳಿ.