ಇ ಡ್ರೈವ್ ಅಳಿಸಿದೆ, ಲ್ಯಾಪ್‌ಟಾಪ್ ಮಲಗಿತು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. ನನ್ನದು ಹನ್ನೆರಡು ವರ್ಷದ ಲ್ಯಾಪ್‌ಟಾಪ್, ಅದಕ್ಕೆ ವಿಂಡೋಸ್ 11 ಹತ್ತುವುದಿಲ್ಲ. ಹಾಗಾಗಿ ವಿಂಡೋಸಿನ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ವಿಂಡೋಸನ್ನು ಪೂರ್ತಿ ತೆಗೆಯುವ ಧೈರ್ಯ ಇರಲಿಲ್ಲ. ಹತ್ತು ವರ್ಷದಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಯಕ್ಷಗಾನದ ಪದ್ಯಗಳೆಲ್ಲ ಅದರಲ್ಲೇ ಇದ್ದವು. ಬ್ಯಾಕಪ್? ಇರಲಿಲ್ಲ, ಕೇಳಬೇಡಿ.

ಮೊದಲ ದಿನ ಎರಡೂ ಚೆನ್ನಾಗಿ ಓಡಿದವು. ಎಡವಟ್ಟಾಗಿದ್ದು ಮರುದಿನ ರಾತ್ರಿ, ನನ್ನ ಕೈಯಿಂದಲೇ. ಶಿರಸಿ ಕಡೆ ಆಗ ಅಡಿಕೆ ಗೊನೆ ಕೊಯ್ಲಿನ ಸಮಯ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು, ನಾನು ಜಗುಲಿಯಲ್ಲಿ ಕೂತು ಡಿಸ್ಕ್ ಚೊಕ್ಕ ಮಾಡುತ್ತಿದ್ದೆ. ಖಾಲಿ ಬಿದ್ದಿದ್ದ ಚಿಕ್ಕ ಇ ಡ್ರೈವ್ ಸುಮ್ನೆ ಯಾಕೆ ಅಂತ ವಿಂಡೋಸಿನಿಂದಲೇ ಅಳಿಸಿದೆ. ರೀಸ್ಟಾರ್ಟ್ ಕೊಟ್ಟರೆ ಕಪ್ಪು ಪರದೆ. ‘ಎರರ್: ನೋ ಸಚ್ ಪಾರ್ಟಿಶನ್’, ಕೆಳಗೆ ‘ಗ್ರಬ್ ರೆಸ್ಕ್ಯೂ’. ಗ್ರಬ್ ಅಂದರೆ ಆನ್ ಮಾಡಿದಾಗ ವಿಂಡೋಸೋ ಮಿಂಟೋ ಎಂದು ಮೆನು ತೋರಿಸಿ ತೆರೆಸುವ ಪುಟ್ಟ ಪ್ರೋಗ್ರಾಮ್. ವಿಂಡೋಸೂ ಇಲ್ಲ, ಮಿಂಟೂ ಇಲ್ಲ.

ಪದ್ಯಗಳು ಹೋದವು ಅಂತಲೇ ಅಂದುಕೊಂಡೆ. ಹೋಗಿರಲಿಲ್ಲ. ನನ್ನದು ಎಂಬಿಆರ್ ಎಂಬ ಹಳೇ ಪದ್ಧತಿಯಲ್ಲಿ ಪಾಲು ಮಾಡಿದ ಡಿಸ್ಕ್. ಅದರಲ್ಲಿ ಲಾಜಿಕಲ್ ಪಾರ್ಟಿಶನ್‌ಗಳ, ಅಂದರೆ ಒಂದು ದೊಡ್ಡ ಪಾಲಿನೊಳಗಿನ ಚಿಕ್ಕ ಪಾಲುಗಳ ಎಣಿಕೆ 5ರಿಂದ ಶುರು. ಡಿ ಡ್ರೈವ್ 5, ಇ ಡ್ರೈವ್ 6, ಮಿಂಟ್ 7. ಆರನೆಯದನ್ನು ಅಳಿಸಿದ ಕೂಡಲೇ ಏಳು ಆರಾಯಿತು. ಆದರೆ ಡಿಸ್ಕಿನ ತಲೆಯಲ್ಲಿ ಕೂತ ಗ್ರಬ್‌ನ ಚೂರಿಗೆ ಗೊತ್ತಿದ್ದುದು 7 ಮಾತ್ರ. ಪಂಚಾಯ್ತಿಯವರು ಮನೆ ನಂಬರ್ ಬದಲಿಸಿದ ಮೇಲೂ ಹಳೇ ನಂಬರ್ ಹುಡುಕುತ್ತ ಕೇರಿ ಸುತ್ತುವ ಪೋಸ್ಟ್‌ಮ್ಯಾನ್ ಇದ್ದ ಹಾಗೆ.

ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ತೋಟದ ಮೇಲಿನ ಗುಡ್ಡೆ ಹತ್ತಿ, ಫೋನಿನಲ್ಲಿ ಹುಡುಕಿ, ಕಮಾಂಡ್‌ಗಳನ್ನು ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡು ಬಂದೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ, ಇಲ್ಲಿ ಉಚ್ಚಾರ ಬರೆದಿದ್ದೇನೆ ಅಷ್ಟೇ.

ಗ್ರಬ್ ರೆಸ್ಕ್ಯೂ ಮುಂದೆ ಮೊದಲು ‘ಎಲ್‌ಎಸ್’, ಅಂದರೆ ಏನೇನಿದೆ ತೋರಿಸು. ಎಚ್‌ಡಿ0 (ಡಿಸ್ಕಿನ ಹೆಸರು) ಜೊತೆ ಎಂಎಸ್‌ಡಾಸ್ 6, 5, 2, 1 (ಪಾರ್ಟಿಶನ್ ನಂಬರ್‌ಗಳು) ಅಂತ ಪಟ್ಟಿ ಬಂತು. ಒಂದೊಂದನ್ನೇ ತಟ್ಟಿ ನೋಡಬೇಕು: ‘ಎಲ್‌ಎಸ್ (ಎಚ್‌ಡಿ0,ಎಂಎಸ್‌ಡಾಸ್5)/’. ಅನ್‌ನೋನ್ ಫೈಲ್‌ಸಿಸ್ಟಮ್ ಎಂದಿತು. ಅದು ವಿಂಡೋಸಿನ ಎನ್‌ಟಿಎಫ್‌ಎಸ್, ಈ ಚೂರಿಗೆ ಓದಲು ಬರುವುದಿಲ್ಲ. ಗಾಬರಿ ಬೇಡ. 6ಕ್ಕೆ ಹಾಕಿದರೆ ಮಿಂಟಿನ ಫೋಲ್ಡರ್‌ಗಳಾದ ಬೂಟ್, ಹೋಮ್, ಇಟಿಸಿ ಎಲ್ಲ ಸಾಲಾಗಿ ಕಂಡವು. ಅಬ್ಬಾ ಅನ್ನಿಸಿತು.

ಆಮೇಲೆ ನಾಲ್ಕೇ ಸಾಲು:

ಸೆಟ್ ರೂಟ್=(ಎಚ್‌ಡಿ0,ಎಂಎಸ್‌ಡಾಸ್6)
ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಎಂಎಸ್‌ಡಾಸ್6)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಸಮ ಚಿಹ್ನೆಯ ಆಚೀಚೆ ಜಾಗ ಬಿಡಬಾರದು. ನಾನು ಬಿಟ್ಟು ಎರಡು ಸಲ ಬೈಸಿಕೊಂಡೆ. ಕೊನೆಗೆ ಹಳೇ ಮೆನು ಬಂತು, ಮಿಂಟ್ ತೆರೆಯಿತು. ಬೇರೆ ಏನೂ ಮಾಡದೆ ಮೊದಲು ಪದ್ಯಗಳನ್ನು ಪೆನ್‌ಡ್ರೈವಿಗೆ ಹಾಕಿದೆ.

ಇದು ಒಂದು ಸಲದ ಮಟ್ಟಿಗೆ ಮಾತ್ರ. ಕಾಯಂ ಆಗಬೇಕಾದರೆ ಮಿಂಟಿನ ಟರ್ಮಿನಲ್‌ನಲ್ಲಿ ‘ಸುಡೊ ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಎ’, ನಂತರ ‘ಸುಡೊ ಅಪ್‌ಡೇಟ್-ಗ್ರಬ್’. ಎಸ್‌ಡಿಎ ಮುಂದೆ ಅಂಕಿ ಹಾಕಬಾರದು. ಗ್ರಬ್ ಕೂರಬೇಕಾದ್ದು ಇಡೀ ಡಿಸ್ಕಿನ ತಲೆಯಲ್ಲಿ, ಪಾರ್ಟಿಶನ್ ಒಳಗಲ್ಲ. ನಿಮ್ಮ ಡಿಸ್ಕಿಗೆ ಬೇರೆ ಹೆಸರಿರಬಹುದು, ‘ಎಲ್‌ಎಸ್‌ಬಿಎಲ್‌ಕೆ’ ಹೊಡೆದು ನೋಡಿಕೊಳ್ಳಿ. ಯುಇಎಫ್‌ಐ ಎಂಬ ಹೊಸ ಬೂಟ್ ಪದ್ಧತಿಯ ಮಷಿನ್ ಆದರೆ ದಾರಿಯೇ ಬೇರೆ, ಇದನ್ನು ಹಾಗೇ ನಕಲು ಮಾಡಬೇಡಿ.

ವಿಂಡೋಸಿಗೆ ಹೋಗಿ ನೋಡಿದರೆ ಎಲ್ಲ ಸರಿ, ಗಡಿಯಾರ ಮಾತ್ರ ಸಂಜೆ ಐದೂಮುಕ್ಕಾಲು. ಸುಲಿಯುವವರೆಲ್ಲ ಎದ್ದು ಹೋಗಿದ್ದರು, ಗಂಟೆ ಹನ್ನೊಂದೂಕಾಲು. ಸರಿಯಾಗಿ ಐದೂವರೆ ತಾಸು ಹಿಂದೆ! ಲಿನಕ್ಸ್ ಮಷಿನ್ ಗಡಿಯಾರದಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂದುಕೊಳ್ಳುತ್ತದೆ. ಮಿಂಟಿಗೆ ವಾಪಸ್ ಬಂದು, ಅದೂ ಊರಿನ ಸಮಯವನ್ನೇ ಇಡಲಿ ಅಂತ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಹೊಡೆದು ಮಲಗಿದೆ.