ಇಂಪ್ಲಾಂಟ್‌ಗೆ ಮೊದಲು ಮಕ್ಕಳ ಸಮತೋಲನ ಪರೀಕ್ಷೆ: ನನ್ನ ಅನುಭವ

"ಒಂದೂವರೆ ವರ್ಷದ ಮಗುವಿಗೆ ವೆಂಪ್ ಮಾಡ್ತೀರಾ? ಮಾಡಿ ತೋರಿಸಿ, ನೋಡೋಣ" ಎಂದು ನಕ್ಕವರು ನಮ್ಮ ತಂಡದಲ್ಲೇ ಇದ್ದರು. ವೆಂಪ್ ಎಂದರೆ ಶಬ್ದವನ್ನೋ ಕಂಪನವನ್ನೋ ಕೊಟ್ಟಾಗ ಒಳಗಿವಿಯ ಸಮತೋಲನದ ಅಂಗ ಕತ್ತಿನ ಸ್ನಾಯುವಿನಲ್ಲಿ ಎಬ್ಬಿಸುವ ಅಲೆಯನ್ನು ಅಳೆಯುವ ಪರೀಕ್ಷೆ. ಈಗ ಕಾಕ್ಲಿಯರ್ ಇಂಪ್ಲಾಂಟ್‌ಗೆ, ಅಂದರೆ ಕಿವುಡು ಮಕ್ಕಳ ಒಳಗಿವಿಗೆ ಆಪರೇಷನ್ ಮಾಡಿ ಕೂರಿಸುವ ಕೇಳಿಸುವ ಸಾಧನಕ್ಕೆ, ಬರುವ ಹತ್ತು ಮಕ್ಕಳಲ್ಲಿ ಎಂಟು ಮಂದಿಗಾದರೂ ಎರಡೂ ಕಿವಿಯ ಬಗ್ಗೆ ನಂಬಬಹುದಾದ ಉತ್ತರ ಕೊಡುತ್ತಿದ್ದೇನೆ. ಅಂದು ನಕ್ಕವರೇ ಆಪರೇಷನ್ನಿನ ಹಿಂದಿನ ದಿನ ರಿಪೋರ್ಟ್ ಎಲ್ಲಿ ಎಂದು ಫೋನ್ ಮಾಡುತ್ತಾರೆ. ಚರ್ಮಕ್ಕೆ ಎಲೆಕ್ಟ್ರೋಡ್ ಹಚ್ಚುವಂಥ ತಯಾರಿ ಈ ಕೆಲಸದವರಿಗೆ ಗೊತ್ತೇ ಇದೆ, ಅದನ್ನೆಲ್ಲ ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲು ದುಡ್ಡು ಹೋದ ಕಥೆ. ಹೆಡ್ ಇಂಪಲ್ಸ್ (ತಲೆಯನ್ನು ಥಟ್ಟನೆ ತಿರುಗಿಸಿ ಕಣ್ಣಿನ ನೋಟ ನಿಂತಲ್ಲೇ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಲು ಕ್ಯಾಮೆರಾ ಇರುವ ಕನ್ನಡಕ ತರಿಸಿದೆವು. ಅದು ದೊಡ್ಡವರ ಮುಖಕ್ಕೆ ಮಾಡಿದ್ದು. ಬಿಗಿ ಮಾಡಿದರೆ ಮಗು ಕಿರುಚುತ್ತದೆ, ಸಡಿಲ ಬಿಟ್ಟರೆ ಕನ್ನಡಕವೇ ಜಾರಿ ಗೇನ್ (ತಲೆಗೆ ತಕ್ಕಂತೆ ಕಣ್ಣು ಎಷ್ಟು ತಿರುಗಿತೆಂಬ ಲೆಕ್ಕ) ಒಂದರ ಹತ್ತಿರ ಇರುವ ಬದಲು 1.4, 1.6 ಎಂದು ಹುಚ್ಚುಚ್ಚಾಗಿ ಬರುತ್ತದೆ. ನಾಲ್ಕು ವರ್ಷ ದಾಟಿದವರಿಗೆ ಮಾತ್ರ ಅದು ಆಗಿಬಂತು. ಇಂಪ್ಲಾಂಟ್‌ಗೆ ಬರುವವರೋ ಬಹುಪಾಲು ಎರಡರ ಒಳಗಿನವರು. ಹಾಗಾಗಿ ಪೆಟ್ಟಿಗೆ ಕಪಾಟು ಸೇರಿತು. ತೊಡೆಯ ಮೇಲೆ ಕೂತ ಮಗುವನ್ನು ದೂರದ ಕ್ಯಾಮೆರಾದಿಂದ ನೋಡುವ ಯಂತ್ರ ಇದೆ, ಮೂರು ತಿಂಗಳ ಕೂಸಿಗೂ ಆಗುತ್ತದೆ. ಆದರೆ ಒಮ್ಮೆ ಕೈ ಸುಟ್ಟುಕೊಂಡವರಿಗೆ ಇನ್ನೊಂದು ಯಂತ್ರಕ್ಕೆ ಸಹಿ ಹಾಕುವವರು ಯಾರು? ಮಗುವನ್ನು ಕೂರಿಸಿ ತಿರುಗಿಸುತ್ತ ಕಣ್ಣಿನ ಚಲನೆ ಅಳೆಯುವ ತಿರುಗುಕುರ್ಚಿಯ ಕೊಟೇಶನ್ ನೋಡಿ ಆಡಳಿತದವರು ಕಾಗದವನ್ನು ಹಾಗೇ ಮಡಚಿಟ್ಟರು. ಕ್ಯಾಲೋರಿಕ್ (ಕಿವಿಗೆ ಬಿಸಿ, ತಣ್ಣನೆಯ ನೀರೋ ಗಾಳಿಯೋ ಬಿಟ್ಟು ಕಣ್ಣಿನ ಚಲನೆ ನೋಡುವ ಪರೀಕ್ಷೆ) ಒಂದಷ್ಟು ಮಕ್ಕಳಿಗೆ ಮಾಡಿ ನೋಡಿದೆ. ಒಂದು ಕಿವಿ ಮುಗಿಯುವಷ್ಟರಲ್ಲಿ ರಂಪ, ಎರಡನೇ ಕಿವಿ ಮುಟ್ಟಲು ಬಿಡುವುದಿಲ್ಲ. ಒಂದೇ ಕಿವಿಯ ಅಂಕಿ ಇಟ್ಟುಕೊಂಡು ಬಲ ಎಡ ಹೋಲಿಸುವುದು ಹೇಗೆ?

ಉಳಿದದ್ದು ವೆಂಪ್. ಕೇಳ್ಮೆ ಪರೀಕ್ಷಿಸುವ ಬೆರಾ ಯಂತ್ರ ಇತ್ತು, ಅದರಲ್ಲೇ ವೆಂಪ್ ಮಾಡುವ ಲೈಸೆನ್ಸ್ ಮಾತ್ರ ಕೊಂಡೆವು. ತಿರುಗುಕುರ್ಚಿಯ ಬೆಲೆಯ ಮುಂದೆ ಅದು ಚಿಲ್ಲರೆ.

ಶುರುವಿನಲ್ಲಿ ಕಿವಿಯೊಳಗೆ ಹಾಕುವ ಇನ್ಸರ್ಟ್ ಫೋನ್‌ನಿಂದ 500 ಹರ್ಟ್ಸ್ ಟೋನ್ ಬರ್ಸ್ಟ್, ಅಂದರೆ ಚುಟುಕು ಶಬ್ದ ಕೊಟ್ಟೆ, 95 ಡಿಬಿ. ಅರ್ಧಕ್ಕರ್ಧ ಮಕ್ಕಳಲ್ಲಿ ಗೆರೆ ಚಪ್ಪಟೆ. ಸ್ಯಾಕ್ಯೂಲ್ (ಒಳಗಿವಿಯಲ್ಲಿರುವ ಸಮತೋಲನದ ಪುಟ್ಟ ಚೀಲ) ಸತ್ತಿದೆಯೋ, ನಡುಗಿವಿಯಲ್ಲಿ ನೀರು ತುಂಬಿದೆಯೋ ಹೇಳುವ ಹಾಗಿಲ್ಲ. ಈ ವಯಸ್ಸಿನಲ್ಲಿ ಶೀತ ಇಲ್ಲದ ಮಗು ಸಿಗುವುದೇ ಅಪರೂಪ. ಜೊತೆಗೆ ಮಗುವಿನ ಕಿವಿನಾಳ ಚಿಕ್ಕದು, ಒಳಗೆ ತಲುಪುವ ಶಬ್ದ ಯಂತ್ರ ತೋರಿಸುವುದಕ್ಕಿಂತ ಜೋರಾಗಿರುತ್ತದೆ. ಅಷ್ಟಿಷ್ಟು ಉಳಿದಿರುವ ಕೇಳ್ಮೆಯನ್ನು ನಾವೇ ಕೆಡಿಸಬೇಕೆ? ಮೂಳೆಯಿಂದ ನೇರ ಒಳಗಿವಿಗೆ ಕಂಪನ ಕಳಿಸುವ ಬೋನ್ ವೈಬ್ರೇಟರ್‌ಗೆ ಬದಲಾಯಿಸಿದ ಮೇಲೆ ಎರಡೂ ತಲೆನೋವು ಹೋದವು. ಕಿವಿಯ ಹಿಂದಿನ ಮೂಳೆಗೆ ಕೈಯಲ್ಲೇ ಒತ್ತಿ ಹಿಡಿಯುತ್ತೇನೆ, 55ರಿಂದ 60 ಡಿಬಿ ಸಾಕು. ಬೆಲ್ಜಿಯಮ್ಮಿನ ಫ್ಲಾಂಡರ್ಸ್‌ನಲ್ಲಿ 2018ರಿಂದ ಕಿವುಡು ಮಕ್ಕಳಿಗೆ ಆರು ತಿಂಗಳ ಹೊತ್ತಿಗೇ ಸಮತೋಲನದ ಸ್ಕ್ರೀನಿಂಗ್ ಮಾಡುತ್ತಿರುವುದೂ ಬೋನ್ ವೈಬ್ರೇಟರ್ ವೆಂಪ್‌ನಿಂದಲೇ. ನಕ್ಕವರ ಮುಂದೆ ಇದನ್ನೇ ಇಟ್ಟೆ.

ನಿಜವಾದ ಕೆಲಸ ಇರುವುದು ಕತ್ತಿನ ಸ್ನಾಯುವಿನಲ್ಲಿ. ಅಮ್ಮ ಹಿಂದಕ್ಕೆ ಒರಗಿ ಕೂರಬೇಕು, ಮಗು ಅವಳ ಮಡಿಲಲ್ಲಿ ಅಂಗಾತ, ತಲೆ ಮೊಣಕಾಲಿನಿಂದ ಸ್ವಲ್ಪ ಆಚೆ. ಪರೀಕ್ಷಿಸುವ ಕಿವಿಯ ಎದುರು ದಿಕ್ಕಿಗೆ ಮಗು ತಾನಾಗಿ ತಿರುಗಿ ತಲೆ ಎತ್ತಬೇಕು. ಕೇಳುವ ಮಗುವಾದರೆ ಗಿಲಕಿ ಆಡಿಸಬಹುದು, ಇಲ್ಲಿ ಎಲ್ಲವೂ ಕಣ್ಣಿಗೇ ಆಗಬೇಕು. ಮೊಬೈಲ್ ವಿಡಿಯೋಗೆ ಎರಡೇ ನಿಮಿಷದಲ್ಲಿ ಬೇಸರ ಬರುತ್ತದೆ. ನಾನು ಏನು ಬಳಸುತ್ತೇನೆ ಎಂಬುದು ನನ್ನ ಜೇಬಿನಲ್ಲೇ ಇರಲಿ, ನಿಮ್ಮದನ್ನು ನೀವು ಹುಡುಕಿಕೊಳ್ಳಿ. ಇಎಂಜಿ (ಸ್ನಾಯು ಬಿಗಿಯಾದಾಗಿನ ವಿದ್ಯುತ್ ಸಂಕೇತ) 60 ಮೈಕ್ರೋವೋಲ್ಟ್ ದಾಟಿದ ಸ್ವೀಪ್‌ಗಳನ್ನು, ಅಂದರೆ ಒಂದೊಂದು ಕಂಪನದ ದಾಖಲೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಸೆಕೆಂಡಿಗೆ ಐದರಂತೆ ಇಪ್ಪತ್ತು ಸೆಕೆಂಡು ಸಿಕ್ಕರೆ ಒಂದು ರನ್ ಆಯಿತು. ಇಂಥ ಎರಡು ರನ್ ಒಂದರ ಮೇಲೊಂದು ಕೂತರೆ ಅಲೆ ಇದೆ ಎಂದರ್ಥ. ಸ್ನಾಯು ಸೋಮಾರಿಯಾಗಿದ್ದಾಗ ಬಂದ ಚಪ್ಪಟೆ ಗೆರೆಗೆ "ಇಲ್ಲ" ಎಂದು ಬರೆಯಲೇಬೇಡಿ, "ಆಗಲಿಲ್ಲ" ಎಂದು ಬರೆಯಿರಿ. ಇವೆರಡನ್ನೂ ಒಂದೇ ಮಾಡಿ ಬರೆದ ರಿಪೋರ್ಟುಗಳು ವಾರಕ್ಕೊಂದಾದರೂ ನನ್ನ ಟೇಬಲ್ಲಿಗೆ ಬರುತ್ತವೆ.

ಕತ್ತಿನ ವೆಂಪ್ ಹೇಳುವುದು ಮುಖ್ಯವಾಗಿ ಸ್ಯಾಕ್ಯೂಲಿನ ವಿಚಾರ. ತಲೆ ತಿರುಗುವುದನ್ನು ಗ್ರಹಿಸುವ ಒಳಗಿವಿಯ ಕೆನಾಲ್‌ಗಳಿಗೆ ಕೈಯಿಂದಲೇ ಹೆಡ್ ಇಂಪಲ್ಸ್ ಮಾಡಿ, ಕಣ್ಣು ಹಿಂದೆ ಬಿದ್ದು ಆಮೇಲೆ ಜಿಗಿಯುತ್ತದೆಯೇ ಎಂದು ಮೊಬೈಲ್‌ನ ಸ್ಲೋ ಮೋಷನ್ನಿನಲ್ಲಿ ನೋಡುತ್ತೇನೆ. ಖರ್ಚಿಲ್ಲದ ಪರೀಕ್ಷೆ. ಇದಕ್ಕಿಂತ ಅಗ್ಗದ್ದು ಅಮ್ಮನಿಗೆ ಕೇಳುವ ಪ್ರಶ್ನೆ: ಕತ್ತು ಯಾವಾಗ ನಿಂತಿತು, ಯಾವಾಗ ಕೂತಿತು, ಯಾವಾಗ ನಡೆಯಿತು? "ಇವನು ಬರೀ ಸೋಮಾರಿ ಮೇಡಂ, ಎತ್ತಿಕೊಂಡೇ ಇರ್ಬೇಕು" ಎಂದು ಒಬ್ಬಾಕೆ ನಕ್ಕರು. ಮಗುವಿಗೆ ಇಪ್ಪತ್ತು ತಿಂಗಳು, ಗೋಡೆ ಬಿಟ್ಟರೆ ಕುಸಿಯುತ್ತಿತ್ತು. ವೆಂಪ್ ಎರಡೂ ಕಡೆ ಇಲ್ಲ, ಇಂಪಲ್ಸ್ ಎರಡೂ ಕಡೆ ಕೆಟ್ಟಿದೆ. ಇಂಥ ಮಗುವಿಗೆ ಅಷರ್ ಟೈಪ್ 1 ಇದೆಯೇ ಎಂದು ಜೀನ್ ಪರೀಕ್ಷೆಗೆ ಬರೆದುಕೊಡಲೇಬೇಕು, ಮುಂದೆ ಕಣ್ಣೂ ಮಂಕಾಗುವ ಕಾಯಿಲೆ ಅದು. ಮಗು ಪ್ರಜ್ಞೆ ತಪ್ಪಿ ಬೀಳುತ್ತದೆ ಎಂದರೆ ಸಮತೋಲನ ಬದಿಗಿಟ್ಟು ಮೊದಲು ಇಸಿಜಿ ಮಾಡಿಸಿ. ಹುಟ್ಟು ಕಿವುಡಿನ ಜೊತೆ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗುವ ಜೆರ್ವೆಲ್ ಲಾಂಗೆ ನೀಲ್ಸನ್ ಸಿಂಡ್ರೋಮ್ ಪ್ರಾಣಕ್ಕೇ ಎರವಾಗುವಂಥದ್ದು.

ಇಷ್ಟೆಲ್ಲ ಮಾಡಿ ಏನು ಬದಲಾಯಿತು? ಯಾವ ಕಿವಿ ಎಂಬ ನಿರ್ಧಾರ. ಒಂದೇ ಬದಿಯಲ್ಲಿ ಸಮತೋಲನ ಉಳಿದಿದ್ದು ಕೇಳ್ಮೆ ಎರಡೂ ಕಡೆ ಸಮನಾಗಿ ಹೋಗಿದ್ದರೆ, ಸಮತೋಲನ ಸತ್ತ ಕಡೆಗೇ ಇಂಪ್ಲಾಂಟ್ ಹಾಕಬೇಕು, ಉಳಿದ ಕಡೆಯದನ್ನು ಆಪರೇಷನ್ ಕೆಡಿಸಬಹುದು. ಪ್ಯಾರಿಸ್ಸಿನಲ್ಲಿ 224 ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಪರೇಷನ್ನಿಗೆ ಮೊದಲೇ ಅರ್ಧದಷ್ಟು ಮಂದಿಗೆ ಏನಾದರೊಂದು ಕೊರತೆ ಇತ್ತು. ಆಪರೇಷನ್ ಆದವರಲ್ಲಿ ಶೇ. 10ರಷ್ಟು ಮಂದಿ ಆ ಕಿವಿಯ ಸಮತೋಲನವನ್ನು ಪೂರ್ತಿ ಕಳೆದುಕೊಂಡರು. ನಮ್ಮ ಸರ್ಜನ್‌ಗೆ ಬಲಗಿವಿಯ ಅಭ್ಯಾಸ. ಬಲ ಮಾತ್ರ ಚೆನ್ನಾಗಿದ್ದ ಎರಡು ವರ್ಷದ ಹುಡುಗಿಗೆ ಎಡಕ್ಕೆ ಮಾಡಿ ಎಂದು ಪಟ್ಟು ಹಿಡಿದೆ, ಗೊಣಗಿಕೊಂಡೇ ಮಾಡಿದರು. ಮೂರನೇ ವಾರ ಆಕೆ ವೇಟಿಂಗ್ ರೂಮಿನಲ್ಲಿ ಓಡಾಡುತ್ತಿದ್ದುದನ್ನು ಅವರಿಗೇ ಕರೆದು ತೋರಿಸಿದೆ. ಇಂಪ್ಲಾಂಟ್ ಆದ ಕಡೆ ಮತ್ತೆ ವೆಂಪ್ ಮಾಡುವಾಗ ಹೊರಗೆ ಧರಿಸುವ ಪ್ರೋಸೆಸರ್ ತೆಗೆದು, ಇಂಪ್ಲಾಂಟಿನ ಮ್ಯಾಗ್ನೆಟ್ಟಿನಿಂದ ದೂರ, ಹಣೆಗೆ ವೈಬ್ರೇಟರ್ ಇಡುತ್ತೇನೆ.

ಎರಡೂ ಕಡೆ ಸಮತೋಲನ ಇಲ್ಲದ ಮಕ್ಕಳು ಹೆಚ್ಚು ಬೀಳುತ್ತಾರೆ. ಅಂಥವರಲ್ಲಿ ಇಂಪ್ಲಾಂಟೇ ಕೆಟ್ಟುಹೋಗುವುದು ಹೆಚ್ಚು ಎಂದು ಟೊರಾಂಟೊದವರು ತೋರಿಸಿದ್ದಾರೆ. ಮತ್ತೊಂದು ಆಪರೇಷನ್ನಿನ ಖರ್ಚಿನ ಮುಂದೆ ಫಿಸಿಯೋಥೆರಪಿ ಏನೂ ಅಲ್ಲ ಎಂದು ಈ ಲೆಕ್ಕ ಹೇಳಿಯೇ ಆಡಳಿತದಿಂದ ವಾರಕ್ಕೆರಡು ಸ್ಲಾಟ್ ಗಿಟ್ಟಿಸಿದೆ.

ನಡುವೆ ಒಂದು ಚಪಲ: ಪ್ರೋಸೆಸರ್ ಹಾಕಿದರೆ ಮಗು ಹೆಚ್ಚು ಹೊತ್ತು ನಿಲ್ಲುತ್ತದೆಯೇ? ದಪ್ಪ ಫೋಮಿನ ಮೇಲೆ ಐದಾರು ವರ್ಷದವರನ್ನು ನಿಲ್ಲಿಸಿ, ಆಫ್ ಮಾಡಿ ಆಮೇಲೆ ಆನ್ ಮಾಡಿ ನೋಡಿದೆ. ಎರಡು ಮೂರು ಸೆಕೆಂಡು ಹೆಚ್ಚಾಯಿತು ಎಂದು ಹಿಗ್ಗಿದೆ. ಮೊದಲು ಆನ್, ಆಮೇಲೆ ಆಫ್ ಮಾಡಿದಾಗಲೂ ಎರಡನೇ ಸಲವೇ ಹೆಚ್ಚು ನಿಂತರು. ಅಂದರೆ ಹೆಚ್ಚಿದ್ದು ಅಭ್ಯಾಸದಿಂದ, ಪ್ರೋಸೆಸರಿನಿಂದಲ್ಲ.

ಇನ್ನೂ ಕೈಗೆ ಬಾರದವರು ಸಿಎಂವಿ ಮಕ್ಕಳು, ಅಂದರೆ ಗರ್ಭದಲ್ಲೇ ಸೈಟೋಮೆಗಲೋ ವೈರಸ್ ತಗುಲಿದವರು. ಹುಟ್ಟಿದಾಗ ಸರಿಯಿದ್ದ ಸಮತೋಲನ ವರ್ಷಗಳಲ್ಲಿ ಕುಸಿಯಬಹುದು, ಹಾಗಾಗಿ ಒಂದು ಸಲ ನೋಡಿ ಕೈತೊಳೆದುಕೊಳ್ಳುವಂತಿಲ್ಲ. ಆರು ತಿಂಗಳಿಗೊಮ್ಮೆ ಬನ್ನಿ ಎಂದು ಬರೆದುಕೊಡುತ್ತೇನೆ, ಬರುವವರು ಅರ್ಧ. ಈಗ ಮ್ಯಾಪಿಂಗ್‌ಗೆ, ಅಂದರೆ ಇಂಪ್ಲಾಂಟಿನ ಶಬ್ದ ಹೊಂದಿಸಿಕೊಳ್ಳಲು, ಬಂದ ದಿನವೇ ಹಿಡಿದು ಕೂರಿಸುತ್ತಿದ್ದೇನೆ.